ದುಬೈಯಲ್ಲಿ ಕೂತು ಶಾಂತಳ್ಳಿ ಮನೆಯ ಬಿಲ್ ಕಟ್ಟುವುದು: 2023ರಿಂದ ಬಳಸಿದ ಮೇಲೆ ನನ್ನ ಅಭಿಪ್ರಾಯ

ಬ್ಯಾಂಕಿನ ಎನ್‌ಆರ್‌ಓ ಖಾತೆ (ಹೊರದೇಶದಲ್ಲಿರುವ ಭಾರತೀಯರು ಊರಿನಲ್ಲಿ ಇಟ್ಟುಕೊಳ್ಳುವ ಖಾತೆ), ಅದಕ್ಕೆ ದುಬೈ ನಂಬರಿನಲ್ಲೇ ಮಾಡಿಕೊಂಡ ಯುಪಿಐ, ಅದರ ಒಳಗಿರುವ, ಎಲ್ಲ ಬಿಲ್ಲುಗಳನ್ನು ಒಂದೇ ಕಡೆ ಕಟ್ಟುವ ಜಾಲ ಭಾರತ್ ಕನೆಕ್ಟ್. ಈ ಮೂರನ್ನು ಇಟ್ಟುಕೊಂಡು ಕೊಡಗಿನ ಸೋಮವಾರಪೇಟೆ ತಾಲ್ಲೂಕು ಶಾಂತಳ್ಳಿ ಕಡೆಯ ನಮ್ಮ ಮನೆಯ ಬಿಲ್ಲುಗಳನ್ನು 2023ರಿಂದ ಕಟ್ಟುತ್ತಿದ್ದೇನೆ. ಮನೆಯಲ್ಲಿ ಅಮ್ಮ ಒಬ್ಬರೇ. ಕರೆಂಟು, ಗ್ಯಾಸು, ಫೈಬರ್ ಇಂಟರ್ನೆಟ್, ಟಿ.ವಿ. ರೀಚಾರ್ಜು, ತೋಟದ ಪಂಪಿನದು ಬೇರೆ ಮೀಟರು, ಇಷ್ಟು ನನ್ನ ಪಾಲಿನ ಲೆಕ್ಕ. ನೀರಿಗೆ ಬಿಲ್ಲಿಲ್ಲ, ಬೆಟ್ಟದ ಒರತೆಯಿಂದ ಪೈಪು ಎಳೆದಿದ್ದೇವೆ.

ಮುಂಚೆ ಹೇಗಿತ್ತು ಅಂದರೆ, ದುಬೈಯ ದೇರಾದಲ್ಲಿರುವ ಹಣ ಕಳಿಸುವ ಎಕ್ಸ್‌ಚೇಂಜಿನಿಂದ ಚಿಕ್ಕಪ್ಪನ ಖಾತೆಗೆ ದುಡ್ಡು ಹಾಕುವುದು, ಅವರು ಪೇಟೆಗೆ ಹೋದಾಗ ಕೌಂಟರಿನಲ್ಲಿ ಕಟ್ಟಿ ಬರುವುದು. ಪೆಟ್ರೋಲಿನ ದುಡ್ಡು ಕೊಟ್ಟರೆ ತೆಗೆದುಕೊಳ್ಳುವವರಲ್ಲ. ಜುಲೈ-ಆಗಸ್ಟಿನ ಆಟಿ ಮಳೆಯಲ್ಲಿ ಮರ ಬಿದ್ದು ರಸ್ತೆ ಬಂದ್ ಆಗಿರುವಾಗ "ಚಿಕ್ಕಪ್ಪ, ಬಿಲ್ಲಿನ ಕೊನೇ ದಿನ ನಾಳೆ" ಅಂತ ಫೋನು ಮಾಡುವುದು ನನಗೇ ಸರಿ ಕಾಣುತ್ತಿರಲಿಲ್ಲ. ಈ ಒಂದು ಮುಜುಗರ ತಪ್ಪಿದ್ದಕ್ಕೇ ಈ ವ್ಯವಸ್ಥೆಗೆ ಅರ್ಧ ಅಂಕ ಕೊಟ್ಟುಬಿಡಬಹುದು.

ಹೊರದೇಶದಲ್ಲಿರುವವರಿಗೆ ಇದು ಸಿಕ್ಕಿದ್ದು ತೀರಾ ತಡವಾಗಿ. ಬಿಬಿಪಿಎಸ್ ಅಂತ ಕರೆಯುತ್ತಿದ್ದ ಈ ಜಾಲ (2024ರಲ್ಲಿ ಭಾರತ್ ಕನೆಕ್ಟ್ ಆಯಿತು) ಮೊದಲು ದೇಶದೊಳಗೆ ಇರುವವರಿಗೆ ಮಾತ್ರ ಇತ್ತು. 2022ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು ಹೊರದೇಶದಿಂದಲೂ ಮನೆಯವರ ಬಿಲ್ ಕಟ್ಟಲು ದಾರಿ ಮಾಡಿಕೊಡುವುದಾಗಿ ಹೇಳಿತು. 2023ರ ಜನವರಿಯಲ್ಲಿ ಯುಪಿಐ ನಡೆಸುವ ಎನ್‌ಪಿಸಿಐ 10 ದೇಶಗಳ ಫೋನ್ ನಂಬರುಗಳಿಗೆ ಎನ್‌ಆರ್‌ಇ, ಎನ್‌ಆರ್‌ಓ ಖಾತೆಯ ಮೇಲೆ ಯುಪಿಐ ಕೊಡಬಹುದು ಎಂದಿತು. ಯುಎಇ, ಒಮಾನ್, ಕತಾರ್, ಸೌದಿ, ಸಿಂಗಪುರ, ಹಾಂಗ್‌ಕಾಂಗ್, ಆಸ್ಟ್ರೇಲಿಯಾ, ಕೆನಡಾ, ಅಮೆರಿಕ, ಬ್ರಿಟನ್. ಆ ಪಟ್ಟಿಯಲ್ಲಿ ಕುವೈತ್, ಬಹರೈನ್ ಇರಲಿಲ್ಲ. ಕೊಡಗಿನವರು ಅಲ್ಲೂ ಎಷ್ಟು ಜನ ಇದ್ದಾರೆ ಅಂತ ನಮಗೆ ಗೊತ್ತು.

ಶುರು ಮಾಡುವಾಗ ಬೇಕಾಗುವ ತಾಳ್ಮೆ ಸ್ವಲ್ಪವಲ್ಲ. ಹೊರದೇಶಕ್ಕೆ ಕೆಲಸಕ್ಕೆ ಹೋದ ಮೇಲೆ ಊರಿನ ಮಾಮೂಲಿ ಉಳಿತಾಯ ಖಾತೆಯನ್ನು ಎನ್‌ಆರ್‌ಓ ಮಾಡಿಸಲೇಬೇಕು, ವಿದೇಶಿ ವಿನಿಮಯದ ಫೆಮಾ ಕಾನೂನು ಹಾಗಿದೆ. ತುಂಬಾ ಜನ ಮಾಡಿಸಿರುವುದಿಲ್ಲ. ಆಮೇಲೆ ಬ್ಯಾಂಕಿನ ದಾಖಲೆಯಲ್ಲಿ ಹೊರದೇಶದ ನಂಬರು ಏರಬೇಕು. ಯುಪಿಐ ನೋಂದಣಿಗೆ ಅದೇ ಸಿಮ್ಮಿನಿಂದ ಒಂದು ಎಸ್ಸೆಮ್ಮೆಸ್ ಭಾರತಕ್ಕೆ ಹೋಗಬೇಕು, ಅದಕ್ಕೆ ಬ್ಯಾಲೆನ್ಸ್ ಇಟ್ಟುಕೊಂಡೇ ಕೂರಿ. ಮೊದಲ 24 ಗಂಟೆ 5,000 ರೂಪಾಯಿಗಿಂತ ಹೆಚ್ಚು ಹೋಗುವುದಿಲ್ಲ. ಇಷ್ಟು ದಾಟಿದರೆ ಮುಂದೆ ಬಿಲ್ ಕಟ್ಟಲು ಚಹಾ ಆರುವಷ್ಟು ಹೊತ್ತೂ ಬೇಡ.

ಒಂದು ಸಣ್ಣ ಎಚ್ಚರಿಕೆ. ಆ್ಯಪಿನಲ್ಲಿ ನಮ್ಮ ಕಡೆಯ ಕರೆಂಟು ಕಂಪನಿ ಸೆಸ್ಕ್ ಹುಡುಕಲು ಸಿಇಎಸ್‌ಸಿ ಅಂತ ಟೈಪು ಮಾಡಿದರೆ ಕೋಲ್ಕತ್ತದ ಕಂಪನಿಯೂ ಎದುರಿಗೆ ಬಂದು ನಿಲ್ಲುತ್ತದೆ. ಚಾಮುಂಡೇಶ್ವರಿ ಅಂತ ಪೂರ್ತಿ ಹೆಸರು ನೋಡಿಕೊಂಡು ಒತ್ತಿ. ಮೈಸೂರು, ಮಂಡ್ಯ, ಹಾಸನ, ಚಾಮರಾಜನಗರ, ಕೊಡಗು ಐದೂ ಜಿಲ್ಲೆಗೆ ಅದೇ. ಬಿಲ್ಲಿನ ಮೇಲಿರುವ ನಂಬರು ಹಾಕಿದ ಕೂಡಲೇ ಗ್ರಾಹಕರ ಹೆಸರು ಬರುತ್ತದೆ. ನಮ್ಮದರಲ್ಲಿ ಅಪ್ಪನ ಹೆಸರು.

ನನ್ನ ನಿಜವಾದ ತಕರಾರು ಇಲ್ಲಿಂದ ಶುರು. ದುಡ್ಡು ಕಟ್ಟುವ ಕೆಲಸವನ್ನು ಈ ವ್ಯವಸ್ಥೆ ಪೂರ್ತಿ ಬಿಡಿಸಿಕೊಟ್ಟಿದೆ. ಬಿಲ್ ಯಾರ ಹೆಸರಲ್ಲಿದೆ, ಯಾವ ಫೋನಿಗೆ ಅಂಟಿಕೊಂಡಿದೆ ಅನ್ನುವುದನ್ನು ಮುಟ್ಟಿಯೂ ಇಲ್ಲ. ಯಾರ ಬಿಲ್ಲನ್ನು ಯಾರು ಬೇಕಾದರೂ ಕಟ್ಟಬಹುದು, ಆ್ಯಪು ಕೇಳುವುದಿಲ್ಲ. ಆದರೆ ಲೋಡ್ ಹೆಚ್ಚಿಸಬೇಕು, ಮೀಟರ್ ಜಾಗ ಬದಲಿಸಬೇಕು ಅಂದ ದಿನ ಅರ್ಜಿಗೆ ಸಹಿ ಹಾಕಬೇಕಾದವರು ತೀರಿಕೊಂಡು ವರ್ಷಗಳಾಗಿವೆ. ಹೆಸರು ಬದಲಿಸಲು ಮರಣ ಪತ್ರ, ವಂಶವೃಕ್ಷ, ಪೌತಿ ಖಾತೆ, ಉಳಿದ ವಾರಸುದಾರರ ಒಪ್ಪಿಗೆ. ಒಪ್ಪಿಗೆ ಕೊಡಬೇಕಾದವರಲ್ಲಿ ಒಬ್ಬರು ಕುಶಾಲನಗರ, ಒಬ್ಬರು ಬೆಂಗಳೂರು, ನಾನು ಇಲ್ಲಿ. ವಿರಾಜಪೇಟೆ ಕಡೆಯ ನನ್ನ ಗೆಳತಿಯ ಮನೆಯದು ಇನ್ನೂ ಒಂದು ಹೆಜ್ಜೆ ಮುಂದೆ: ಜಮ್ಮಾ ಜಾಗ (ಕೊಡಗಿನ ವಂಶಪಾರಂಪರ್ಯದ ಕುಟುಂಬದ ಜಮೀನು), ಆರ್‌ಟಿಸಿ ಪಟ್ಟೆದಾರರ, ಅಂದರೆ ಕುಟುಂಬದ ಹಿರಿಯರ ಹೆಸರಿನಲ್ಲಿ, ಮೀಟರು ಅಜ್ಜನ ಹೆಸರಿನಲ್ಲಿ, ಬಿಲ್ ಕಟ್ಟುವವಳು ಮಸ್ಕತ್ತಿನಲ್ಲಿ.

ಇದನ್ನು ನಾನು ಇಲ್ಲಿಯ ಬಿಲ್ಲಿನ ಜೊತೆ ಹೋಲಿಸದೆ ಇರಲಾರೆ. ದುಬೈಯಲ್ಲಿ ನಾನು ಪರದೇಶದವಳು, ವೀಸಾ ಮುಗಿದರೆ ಹೊರಡಬೇಕಾದವಳು. ಆದರೂ ದೇವಾ, ಅಂದರೆ ಇಲ್ಲಿಯ ಕರೆಂಟು-ನೀರಿನ ಇಲಾಖೆಯ ಬಿಲ್ ನನ್ನ ಹೆಸರಿನಲ್ಲೇ ಇದೆ. ಬಾಡಿಗೆ ಕರಾರು ಎಜಾರಿಯಲ್ಲಿ, ಅಂದರೆ ಇಲ್ಲಿಯ ಸರ್ಕಾರಿ ಬಾಡಿಗೆ ದಾಖಲೆಯಲ್ಲಿ ನೋಂದಣಿ ಆಗಬೇಕು, ಫ್ಲಾಟಿಗೆ 2,000 ದಿರ್ಹಂ ಠೇವಣಿ ಇಡಬೇಕು, ಸಂಪರ್ಕ ಬರುತ್ತದೆ. ಮನೆ ಬಿಡುವಾಗ ಕೊನೆಯ ಬಿಲ್ ಕಳೆದು ಠೇವಣಿ ವಾಪಸು. ಹಾಗಂತ ಇಲ್ಲಿ ಎಲ್ಲ ಅಗ್ಗ ಅಂದುಕೊಳ್ಳಬೇಡಿ. ವರ್ಷದ ಬಾಡಿಗೆಯ ಶೇ 5ರಷ್ಟನ್ನು ಮುನಿಸಿಪಾಲಿಟಿಯ ವಸತಿ ಶುಲ್ಕ ಅಂತ 12 ಕಂತು ಮಾಡಿ ಇದೇ ಬಿಲ್ಲಿಗೆ ಸೇರಿಸುತ್ತಾರೆ. ಹೊಸದಾಗಿ ಬಂದವರು ಮೊದಲ ಬಿಲ್ ನೋಡಿ "ಇಷ್ಟು ಕರೆಂಟು ಎಲ್ಲಿ ಸುಟ್ಟೆವು" ಅಂತ ಗಾಬರಿಯಾಗುವುದು ಈ ಸಾಲಿನಿಂದ. ಕೆಲವು ಕಟ್ಟಡಗಳಲ್ಲಿ ತಂಪು ಗಾಳಿಗೆ ಬೇರೆ ಕಂಪನಿ, ಬೇರೆ ಬಿಲ್. ಫ್ಲಾಟ್ ನೋಡುವಾಗಲೇ ಕೇಳಿ.

ಊರಿನ ಕರೆಂಟ್ ಬಿಲ್ಲಿಗೆ ಬರುತ್ತೇನೆ. 2023ರ ಆಗಸ್ಟಿನಿಂದ ಗೃಹಜ್ಯೋತಿ ಬಂದ ಮೇಲೆ ಹೆಚ್ಚಿನ ತಿಂಗಳು ನಮ್ಮದು ಸೊನ್ನೆ ಬಿಲ್. ಆ್ಯಪಿನಲ್ಲಿ ಬಾಕಿ ಏನೂ ಇಲ್ಲ ಅಂತ ತೋರಿಸುತ್ತದೆ, ಅಷ್ಟೇ. ಆದರೆ ಉಚಿತದ ಮಿತಿ ಎಲ್ಲರಿಗೂ 200 ಯೂನಿಟ್ ಅಲ್ಲ. 2022-23ರಲ್ಲಿ ಆ ಮನೆ ಬಳಸಿದ್ದರ ಸರಾಸರಿ ತೆಗೆದು, ಅದಕ್ಕೆ ಶೇ 10 ಸೇರಿಸಿ ಮಿತಿ ಕಟ್ಟಿದ್ದರು; 2024ರಲ್ಲಿ ಕಡಿಮೆ ಬಳಸುವ ಮನೆಗಳಿಗೆ ಶೇ 10ರ ಬದಲು 10 ಯೂನಿಟ್ ಸೇರಿಸುವುದಾಗಿ ಬದಲಿಸಿದರು. ಮಿತಿ ದಾಟಿದರೆ ದಾಟಿದ್ದಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್. ಆ ವರ್ಷ ಮನೆಯಲ್ಲಿದ್ದದ್ದು ಅಮ್ಮ ಒಬ್ಬರೇ, ಸ್ನಾನದ ನೀರು ಸೌದೆ ಒಲೆಯ ಹಂಡೆಯಲ್ಲಿ. ಹಾಗಾಗಿ ನಮ್ಮ ಮಿತಿ ಬಹಳ ಸಣ್ಣದು. ಈಗ ದುಬೈ ಶಾಲೆಗಳ ದೊಡ್ಡ ರಜೆ ಜುಲೈ-ಆಗಸ್ಟ್, ಅದೇ ಶಾಂತಳ್ಳಿಯಲ್ಲಿ ಆಕಾಶ ಕಳಚಿ ಬೀಳುವ ಕಾಲ. ಮಕ್ಕಳನ್ನು ಕರೆದುಕೊಂಡು ನಾವು ಹೋಗಿ ಇಳಿದರೆ ಗೀಸರು, ಇಸ್ತ್ರಿಪೆಟ್ಟಿಗೆ, ಬಟ್ಟೆ ಒಣಗಿಸಲು ರಾತ್ರಿಯಿಡೀ ಫ್ಯಾನು. ಮುಂದಿನ ಬಿಲ್ ಬಂದಾಗ ಅಮ್ಮ ಹೇಳಿದ್ದು: "ನೀವು ಬಂದು ಹೋಗಿದ್ದು ಕೆಇಬಿಯವರಿಗೂ ಗೊತ್ತಾಯ್ತು ಮಗಳೇ."

ಸ್ವಯಂ ಪಾವತಿಯ ಸೌಲಭ್ಯ ಇದೆ. ದೇವಾಗೆ ಹಾಕಿದ್ದೇನೆ, ಮನೆಗೆ ಹಾಕಿಲ್ಲ. ಮೀಟರ್ ಓದುವವರು ಕೊಟ್ಟ ಚೀಟಿಯ ಫೋಟೋ ಅಮ್ಮ ವಾಟ್ಸ್ಆ್ಯಪಿನಲ್ಲಿ ಕಳಿಸುತ್ತಾರೆ, ನಾನು ಯೂನಿಟ್ ನೋಡುತ್ತೇನೆ. ಯೂನಿಟ್ ತೀರಾ ಇಳಿದಿದ್ದರೆ ಫೋನು ಮಾಡಿ ವಿಚಾರಿಸುತ್ತೇನೆ, ಅಕ್ಕನ ಮನೆಯಲ್ಲಿದ್ದರೋ ಅಥವಾ ಹುಷಾರಿಲ್ಲದೆ ಹೇಳದೆ ಮಲಗಿದ್ದರೋ ಅಂತ. ಚೀಟಿ ಬೇಗ ಮಾಸುತ್ತದೆ, ಫೋಟೋ ತೆಗೆದಿಡುವುದೇ ಒಳ್ಳೆಯದು.

ಗ್ಯಾಸಿನಲ್ಲಿ ದುಡ್ಡಿಗಿಂತ ಕೋಡ್ ದೊಡ್ಡದು. ಬುಕ್ ಮಾಡಿ ಇಲ್ಲಿಂದಲೇ ಕಟ್ಟಬಹುದು, ಆದರೆ ಸಿಲಿಂಡರ್ ಇಳಿಸುವಾಗ ಹೇಳಬೇಕಾದ ಕೋಡ್ ನೋಂದಾಯಿಸಿದ ಮೊಬೈಲಿಗೆ ಬರುತ್ತದೆ. ಆ ನಂಬರು ಮೊದಲು ನನ್ನ ಭಾರತದ ಸಿಮ್ಮಿನದಾಗಿತ್ತು. ಗಾಡಿ ತೋಟದ ಗೇಟಿನ ಹತ್ತಿರ ನಿಂತಿದೆ, ಹುಡುಗ ಅಮ್ಮನನ್ನು ಕೇಳುತ್ತಾನೆ, ಅಮ್ಮ ನನಗೆ ಫೋನು ಮಾಡುತ್ತಾರೆ, ನಾನು ಮೀಟಿಂಗಿನಲ್ಲಿ. ಅಮ್ಮನ ನಂಬರಿಗೆ ಬದಲಿಸಿದ ಮೇಲೆ ಈ ತಲೆನೋವು ನಿಂತಿತು. ಬಿಲ್ ಯಾರೇ ಕಟ್ಟಲಿ, ವಸ್ತು ಮನೆ ಬಾಗಿಲಿಗೆ ಬರುವಂಥದ್ದಾದರೆ ಫೋನ್ ನಂಬರು ಮನೆಯಲ್ಲಿರುವವರದ್ದೇ ಇರಲಿ.

ಭಾರತದ ಸಿಮ್ ಮಾತ್ರ ಸಾಯಲು ಬಿಡಬೇಡಿ. ಆಧಾರ್ ಇನ್ನೂ ಅದಕ್ಕೇ ಕಟ್ಟಿಕೊಂಡಿರುತ್ತದೆ. 90 ದಿನ ಬಳಸದಿದ್ದರೆ ನಂಬರು ಹೋಗಬಹುದು, ಬೇರೆಯವರ ಪಾಲಾಗಲೂಬಹುದು. ಪೇಟೆಯ ಮೊಬೈಲ್ ಅಂಗಡಿಯವರಿಗೆ ಹೇಳಿಟ್ಟು ಸಣ್ಣ ರೀಚಾರ್ಜ್ ಹಾಕಿಸುವುದನ್ನು ನಾನು ನಿಲ್ಲಿಸಿಲ್ಲ.

ಕೆಟ್ಟ ಅನುಭವ ಅಂದರೆ ನಾನು ಬಳಸುತ್ತಿದ್ದ ಒಂದು ಬ್ಯಾಂಕಿನ ಆ್ಯಪಿನದು. ಪಂಪಿನ ಬಿಲ್ ಕಟ್ಟಿದಾಗ ಖಾತೆಯಿಂದ ದುಡ್ಡು ಹೋಯಿತು, ಬಿಲ್ ಬಾಕಿ ಹಾಗೇ ಉಳಿಯಿತು. ಫೆಬ್ರವರಿ-ಮಾರ್ಚ್ ಅಂದರೆ ಕಾಫಿ ಗಿಡ ಹೂ ಬಿಡಲೆಂದು ನೀರು ಕೊಡುವ ಸಮಯ, ಆಗ ಪಂಪು ನಿಲ್ಲುವ ಹಾಗಿಲ್ಲ. ಸಹಾಯವಾಣಿಯವರು "ಕಾಯಿರಿ" ಅನ್ನುವುದು ಬಿಟ್ಟು ಇನ್ನೇನೂ ಹೇಳಲಿಲ್ಲ. ಭಾರತ್ ಕನೆಕ್ಟಿನ ವಹಿವಾಟು ಸಂಖ್ಯೆ ಹಾಕಿ ದೂರು ಕೊಟ್ಟ ಮೇಲೆ ದುಡ್ಡು ವಾಪಸು ಬಂತು. ಅಷ್ಟರಲ್ಲಿ ಚಿಕ್ಕಪ್ಪನೇ ಪೇಟೆಗೆ ಹೋಗಿ ಕಟ್ಟಿ ಬಂದಿದ್ದರು. ಆ ಆ್ಯಪ್ ಬಿಟ್ಟೆ. ಈಗ ಯಾವ ಬಿಲ್ಲನ್ನೂ ಕೊನೇ ದಿನದವರೆಗೆ ಇಟ್ಟುಕೊಳ್ಳುವುದಿಲ್ಲ, ರಸೀದಿಯ ಆ ಸಂಖ್ಯೆ ಇರುವ ಪುಟವನ್ನು ಫೋನಿನಲ್ಲಿ ಉಳಿಸಿಡುತ್ತೇನೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಮನೆಯಲ್ಲಿ ಫೋನು ಬಳಸಲು ಬರುವ ಒಬ್ಬರಾದರೂ ಇದ್ದರೆ ಕಣ್ಣು ಮುಚ್ಚಿ ಮಾಡಿಸಿಕೊಳ್ಳಿ. ಮನೆಗೆ ಬೀಗ ಹಾಕಿ ಬಂದವರಿಗೆ ಇದು ಅಷ್ಟು ಉಪಯೋಗವಿಲ್ಲ: ಮೀಟರ್ ಮನೆಯ ಒಳಗಿದ್ದರೆ ಓದುವವರಿಗೇ ಸಿಗುವುದಿಲ್ಲ, ಮೊದಲು ಅದನ್ನು ಹೊರಗೋಡೆಗೆ ಹಾಕಿಸಿ. ನಮ್ಮ ಮೀಟರಿನ ಹೆಸರು ಬದಲಾವಣೆ ಈ ಜುಲೈಯಲ್ಲಿ ಎಲ್ಲರೂ ಊರಿನಲ್ಲಿ ಸೇರಿದಾಗ ಮಾಡಿಸಬೇಕು ಅಂತಿದೆ. ವಂಶವೃಕ್ಷದ ಅರ್ಜಿಯನ್ನು ಚಿಕ್ಕಪ್ಪ ಆಗಲೇ ಕೊಟ್ಟಿದ್ದಾರೆ, ಪೆಟ್ರೋಲಿನ ದುಡ್ಡು ಈ ಸಲವೂ ಬೇಡ ಅಂದರು.