ಮೊದಲ್ನೇ ಪುಸ್ತಕದ ಮೇಲಿನ ಪ್ರೀತಿಗೆ ಎರಡನೇದನ್ನೂ ಓದಿ ಮುಗಿಸ್ದೆ

ಹಳೇ ಕಾಲದ ಇಂಗ್ಲೆಂಡಿನ ಪ್ರೇಮಕಥೆಗಳ ಈ ಸರಣೀಲಿ ಎರಡನೇದು ಯಾವಾಗ ಬರುತ್ತೋ ಅಂತ ಕಾದು ಕಾದು, ಬಂದ ದಿನಾನೇ ತಗೊಂಡು ರಾತ್ರಿ ಎರಡು ಗಂಟೆ ತನಕ ಕೂತು ಮುಗಿಸ್ದೆ, ಈಗ ಬೇಜಾರು. ಕೆಟ್ಟ ಪುಸ್ತಕ ಅಂತೇನಲ್ಲ, ಬೇರೆ ಯಾರಾದ್ರೂ ಬರ್ದಿದ್ರೆ ಟೈಮ್‌ಪಾಸ್ ಅಂತ ಮೂರು ಸ್ಟಾರ್ ಕೊಟ್ಟು ಸುಮ್ನಾಗ್ತಿದ್ದೆ. ಆ ಮೊದಲ್ನೇದನ್ನ ಬರೆದ ಕೈನೇ ಇದನ್ನೂ ಬರ್ದಿದೆ ಅನ್ನೋದೇ ಸಂಕಟ.

ಮೊದಲ್ನೇದು ಓದದೇ ಇರೋರಿಗೆ: 1815, ವಾಟರ್‌ಲೂ ಯುದ್ಧ ಮುಗ್ದಿದೆ, ಬಲಗೈಗೆ ಗುಂಡು ಬಿದ್ದು ಇಂಗ್ಲೆಂಡಿಗೆ ವಾಪಸ್ ಬಂದಿರೋ ಕ್ಯಾಪ್ಟನ್‌ಗೆ ಪೆನ್ನು ಹಿಡಿಯೋಕಾಗಲ್ಲ, ಊರಿನ ಪಾದ್ರಿ ಮಗಳು ಅವನು ಹೇಳಿದ್ದನ್ನ ಬರ್ಕೊಡ್ತಾಳೆ, ಅದೂ ಅವನು ಮದುವೆ ಆಗ್ಬೇಕಿರೋ ಹುಡುಗಿಗೆ! ಆಗಿನ ಕಾಲದಲ್ಲಿ ಗಂಡು ಮಾತು ಕೊಟ್ಟು ಮುರಿದ್ರೆ ಮಾನಾನೂ ಹೋಗ್ತಿತ್ತು, ಕೋರ್ಟಿಗೂ ಎಳೀಬಹುದಿತ್ತು. ಹಾಗಾಗಿ ಒಬ್ಬರ ಮೇಲೊಬ್ಬರಿಗೆ ಮನಸ್ಸಾದ್ರೂ ಇಬ್ಬರೂ ಬಾಯಿ ಬಿಡೋ ಹಾಗಿಲ್ಲ. ನಿಶ್ಚಿತಾರ್ಥ ಆಗದ ಹೆಣ್ಣು ಗಂಡಸಿಗೆ ಕಾಗದ ಬರೆಯೋದೂ ಮರ್ಯಾದೆ ಅಲ್ಲ, ಅದಕ್ಕೆ ಅವನು ಲಂಡನ್ನಿಗೆ ಹೋದ್ಮೇಲೆ ಇವಳು ಅವನ ಸೋದರತ್ತೆ ಹೆಸರಿಗೆ ಬರೀತಾಳೆ. ಆಗ ಅಂಚೆ ದುಡ್ಡು ಸಾಮಾನ್ಯವಾಗಿ ಕಾಗದ ತಗೊಳ್ಳೋರೇ ಕೊಡೋದು, ದೂರ ಎಷ್ಟು ಹಾಳೆ ಎಷ್ಟು ಅಂತ ಲೆಕ್ಕ, ದುಡ್ಡು ಉಳ್ಸೋಕೆ ಹಾಳೆ ತುಂಬಿದ್ಮೇಲೆ ಅಡ್ಡ ತಿರುಗ್ಸಿ ಅದರ ಮೇಲೇ ಮತ್ತೆ ಬರೀತಿದ್ರು. ನೆಟ್ಟಗಿನ ಸಾಲಲ್ಲಿ ಊರಿನ ಸುದ್ದಿ, ಅಡ್ಡ ಸಾಲಲ್ಲಿ ಇವಳ ಮನಸ್ಸು. ಅತ್ತೆ ಮೇಣದಬತ್ತಿ ಹತ್ರ ಹಿಡ್ದು ನೆಟ್ಟಗಿರೋದಷ್ಟೇ ಓದಿ, "ಅಡ್ಡಕ್ಕಿರೋದು ನನ್ನ ಕಣ್ಣಿಗೆ ಹತ್ತಲ್ಲಪ್ಪ, ನೀನೇ ನೋಡ್ಕೋ" ಅಂತ ಅವನ ಕೈಗೆ ಕೊಟ್ಟು ಮಲಗೋಕೆ ಹೋಗ್ತಾರೆ. ಅಷ್ಟೇ ಸೀನು. ಮುತ್ತಿಲ್ಲ, ಏನಿಲ್ಲ, ನಾನು ಪುಸ್ತಕ ಮುಚ್ಚಿಟ್ಟು ಐದು ನಿಮಿಷ ಸುಮ್ನೆ ಕೂತಿದ್ದೆ.

ಈಗ ಎರಡನೇದು. 1816, ಕ್ಯಾಪ್ಟನ್ ತಂಗಿ, ವಯಸ್ಸು 24, ಅವಳಿಗೊಬ್ಬ ಸಿಡುಕು ಮೂತಿ ವೈಕೌಂಟ್ (ಅಲ್ಲಿನ ಒಂದು ಶ್ರೀಮಂತ ಪದವಿ). ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಹಿಂದಿನ ವರ್ಷ ಏಪ್ರಿಲ್‌ನಲ್ಲಿ ಸಿಡಿದು, ಅದರ ಹೊಗೆ ಬಿಸಿಲು ತಡೆದು 1816ರಲ್ಲಿ ಯುರೋಪಿಗೆ ಬೇಸಿಗೆನೇ ಬರ್ಲಿಲ್ಲ, ಬರೀ ಮಳೆ, ಬೆಳೆ ಹೋಯ್ತು, ಬ್ರೆಡ್ ರೇಟು ಏರಿ ಇಂಗ್ಲೆಂಡಲ್ಲಿ ಗಲಭೆನೂ ಆಯ್ತು. ಜಮೀನ್ದಾರನ ಮನೆ ಕಥೆಗೆ ಇದಕ್ಕಿಂತ ಏನ್ ಬೇಕು? ನಮ್ಮ ಲೇಖಕಿ ಆ ಮಳೇನ ಯಾವುದಕ್ಕೆ ಬಳಸ್ಕೊಂಡ್ರು ಗೊತ್ತಾ, ಗಾಡಿ ಚಕ್ರ ಕೆಸರಲ್ಲಿ ಹೂತು, ದಾರೀಲಿ ಸಿಕ್ಕ ಛತ್ರದಂಥ ಜಾಗದಲ್ಲಿ ಒಂದೇ ರೂಮು ಒಂದೇ ಮಂಚ ಇರೋ ಹಾಗೆ ಮಾಡೋಕೆ! ಬೆಟ್ಟ ಅಗೆದು ಇಲಿ ಹಿಡಿದ ಹಾಗೆ.

ಇಬ್ರಿಗೂ ಅಡ್ಡಿ ಏನು ಅಂದ್ರೆ ಅವಳು ಬಾಗಿಲ ಹಿಂದೆ ನಿಂತು ಅರ್ಧ ಮಾತು ಕೇಳಿಸ್ಕೊಂಡಿದ್ದು. ಅದೊಂದೇ. ಐದು ನಿಮಿಷ ಎದುರು ಬದುರು ಕೂತ್ರೆ ಮುಗಿಯೋ ವಿಷ್ಯಾನ ಅರ್ಧ ಪುಸ್ತಕ ಎಳ್ದಿದಾರೆ. ಮೊದಲ್ನೇದ್ರಲ್ಲಿ ಕಾಲಾನೇ ಅವರ ಬಾಯಿ ಕಟ್ಟಿತ್ತು, ಇಲ್ಲಿ ಕಾಲ ಅನ್ನೋದು ಬರೀ ಗೌನು, ಬೀಸಣಿಗೆ.

ಕೊನೇಗೆ (ಸ್ಪಾಯ್ಲರ್ ಬೇಡದೋರು ಈ ಪ್ಯಾರಾ ಬಿಟ್ಬಿಡಿ) ಅಣ್ಣ ಒಪ್ಪಲ್ಲ ಅಂತ ಇಬ್ರೂ ಸ್ಕಾಟ್ಲೆಂಡ್ ಗಡೀಲಿರೋ ಗ್ರೆಟ್ನಾ ಗ್ರೀನ್ ಅನ್ನೋ ಹಳ್ಳಿಗೆ ಮದುವೆ ಆಗೋಕೆ ಓಡ್ತಾರೆ. ಯಾಕಮ್ಮ? 1753ರ ಮದುವೆ ಕಾಯ್ದೆ ಪ್ರಕಾರ ಮನೆಯವರ ಒಪ್ಪಿಗೆ ಬೇಕಿದ್ದಿದ್ದು 21 ತುಂಬದೇ ಇರೋರಿಗೆ, ಆ ತಾಪತ್ರಯ ಸ್ಕಾಟ್ಲೆಂಡಲ್ಲಿ ಇಲ್ಲ ಅಂತಾನೇ ಜೋಡಿಗಳು ಗಡಿ ದಾಟ್ತಿದ್ದಿದ್ದು. ನಿನಗೆ 24 ಕಣೇ, ಲೈಸೆನ್ಸ್ ತಗೊಂಡು ಹತ್ತಿರದ ಚರ್ಚಿಗೆ ಹೋಗಿದ್ರೆ ಆಗ್ತಿತ್ತು, 300 ಮೈಲಿಗೂ ಜಾಸ್ತಿ ಆ ಕೆಸರಲ್ಲಿ ಕುಲುಕಾಡ್ಕೊಂಡು ಹೋಗೋ ಕರ್ಮ ಯಾಕೆ! ಅದೂ ಸಾಲ್ದು ಅಂತ ಅಲ್ಲಿಂದ ಅಣ್ಣಂಗೆ ಸ್ಟಾಂಪ್ ಅಂಟ್ಸಿ ಕಾಗದ ಹಾಕ್ತಾಳೆ. ಅಂಚೆ ಚೀಟಿ ಬಂದಿದ್ದೇ 1840ರಲ್ಲಿ. ಬೇರೆ ಯಾರಾದ್ರೂ ಆಗಿದ್ರೆ ಕ್ಷಮಿಸ್ಬಿಡ್ತಿದ್ದೆ, ಆ ಅಡ್ಡ ಸಾಲಿನ ಕಾಗದ ಬರೆದೋರೇ ಇದನ್ನೂ ಬರ್ದಿದ್ದು ನೋಡಿ ತಲೆ ಚಚ್ಕೊಂಡೆ.

ಒಳ್ಳೇದು ಇಲ್ವೇ ಇಲ್ಲ ಅಂತಲ್ಲ. ಅದೇ ಅತ್ತೆ ಎರಡು ಕಡೆ ಬರ್ತಾರೆ, ಬಂದಾಗೆಲ್ಲ ಪುಸ್ತಕಕ್ಕೆ ಜೀವ ಬರುತ್ತೆ. ವಾಲ್ಟ್ಸ್ ಕುಣಿಯೋ ಸೀನಲ್ಲಿ ಅವನ ಕೈಗವಸಿನ ಹೊಲಿಗೆ ಬಿಚ್ಚಿರೋದನ್ನ ಅವಳು ಬೆರಳಲ್ಲೇ ಗುರುತಿಸೋದು ಚೆನ್ನಾಗಿದೆ, ಆಮೇಲೆ ಅದನ್ನ ಮರ್ತೇಬಿಟ್ಟಿದಾರೆ.

ಐದಕ್ಕೆ ಎರಡೂವರೆ, ಅದ್ರಲ್ಲಿ ಒಂದು ಅತ್ತೆಗೆ. ಮುಗಿಸಿದ ಮೇಲೆ ನಿದ್ದೆ ಬರ್ಲಿಲ್ಲ, ಮೊದಲ್ನೇ ಪುಸ್ತಕ ತೆಗ್ದು ಆ ಕಾಗದದ ಅಧ್ಯಾಯ ಇನ್ನೊಂದ್ಸಲ ಓದಿ ಮಲಗ್ದೆ.