ಯಾರಿಗೂ ಕಾಣಬಾರ್ದು ಅಂತ ತಗೊಂಡ ಕಿವಿ ಮಷಿನ್ನು: ಮೂರೂವರೆ ವರ್ಷದ ಮೇಲೆ ಬರೀತಿದೀನಿ

ಕಿವಿ ಒಳಗೇ ಕೂರುತ್ತಲ್ಲ, ಆ ಥರದ ಹಿಯರಿಂಗ್ ಏಡ್ ಎರಡೂ ಕಿವಿಗೆ ಹಾಕ್ಕೊಂಡು ಮೂರೂವರೆ ವರ್ಷ ಆಯ್ತು. ಕಂಪನಿ ಹೆಸ್ರು ಬರಿಯಲ್ಲ, ನಾನು ಹೇಳೋದ್ರಲ್ಲಿ ಮುಕ್ಕಾಲು ಪಾಲು ಯಾವ ಕಂಪನಿದಾದ್ರೂ ಒಂದೇ.

ನಾನು ದೊಡ್ಡಬಳ್ಳಾಪುರದಲ್ಲಿ ಮೂವತ್ತು ವರ್ಷ ಪವರ್‌ಲೂಮ್ ನಡೆಸಿದೋನು, ಎಂಟು ಮಗ್ಗ, ಮೇಲೆ ಶೀಟು. 85 ಡೆಸಿಬಲ್ ಸದ್ದಲ್ಲಿ ದಿನಾ 8 ಗಂಟೆ ವರ್ಷಗಟ್ಟಲೆ ಇದ್ರೆ ಕಿವಿಗೆ ಏಟು ಬೀಳುತ್ತೆ ಅಂತ ಡಾಕ್ಟ್ರು ಹೇಳಿದಾಗ ನಂಗೆ ನಗು ಬಂತು, ನಮ್ ಶೆಡ್ಡಲ್ಲಿ ಪಕ್ಕದಲ್ಲಿ ನಿಂತಿರೋನ ಕಿವಿಗೆ ಬಾಯಿಟ್ಟು ಕೂಗಿದ್ರೂ ಅವ್ನು ಏನು ಅಂತ ಕೈ ತಿರುಗಿಸ್ತಿದ್ದ. ಟೆಸ್ಟ್ ಚೀಟಿಲಿ ಗೆರೆ ಚೆನ್ನಾಗೇ ಬಂದು 4000 ಹರ್ಟ್ಸ್ ಹತ್ರ, ಅಂದ್ರೆ ಕೀರಲು ಸದ್ದಿನ ಕಡೆ, ಗುಂಡಿಗೆ ಬಿದ್ದಂಗೆ ಕೆಳಗೆ ಹೋಗಿತ್ತು, ಸದ್ದಲ್ಲಿ ಕೆಲ್ಸ ಮಾಡೋರಿಗೆ ಹೀಗೇ ಆಗೋದಂತೆ. ಅದ್ರ ಅರ್ಥ ಏನಪ್ಪಾ ಅಂದ್ರೆ ದಪ್ಪ ಸದ್ದು ಎಲ್ಲಾ ಕೇಳುತ್ತೆ, ಯಾರೋ ಮಾತಾಡ್ತಿರೋದೂ ಗೊತ್ತಾಗುತ್ತೆ, ಆದ್ರೆ ಸ, ತ, ಕ ಇವೆಲ್ಲ ಉದುರಿಹೋಗುತ್ತೆ. ಮನೆಯವ್ಳು "ಹಾಲ್ ತಂದ್ರಾ" ಅಂದ್ರೆ ನಂಗೆ "ಸಾಲ ತಂದ್ರಾ" ಅಂತ ಕೇಳ್ಸಿ ಯಾರ್ಹತ್ರ ತರ್ಲಿ ಅಂತ ರೇಗಿದ್ದೀನಿ. "ನಂಗೆ ಕಿವಿ ಕೇಳುತ್ತೆ, ನೀವೇ ಗೊಣಗ್ತೀರಾ" ಅಂತ ಐದಾರು ವರ್ಷ ವಾದ ಮಾಡ್ದೋನು ನಾನು.

ಮೊದ್ಲು ಬೆಂಗ್ಳೂರಲ್ಲಿ ಒಂದು ಅಂಗಡಿಗೆ ಹೋದೆ. ಫ್ರೀ ಟೆಸ್ಟ್ ಅಂದ್ರು, ಹತ್ತು ನಿಮಿಷಕ್ಕೆ ಮುಗ್ಸಿ ಒಂದೂವರೆ ಲಕ್ಷದ ಜೋಡಿ ಮುಂದೆ ಇಟ್ರು, ಇವತ್ತೇ ಬುಕ್ ಮಾಡಿದ್ರೆ ಆಫರ್ರು ಅಂದ್ರು. ಎದ್ದು ಬಂದೆ. ಆಮೇಲೆ ಮಗಳು ಮೈಸೂರಿನ ಮಾನಸಗಂಗೋತ್ರಿಲಿರೋ ವಾಕ್ ಶ್ರವಣ ಸಂಸ್ಥೆಗೆ ಕರ್ಕೊಂಡು ಹೋದ್ಲು. 1965ರಲ್ಲಿ ಶುರುವಾಗಿದ್ದಂತೆ, ನಾನು ಹುಟ್ಟಿದ ವರ್ಷವೇ. ಅಲ್ಲಿ ಅರ್ಧ ದಿನ ಹಿಡೀತು ಆದ್ರೆ ಸರಿಯಾಗಿ ನೋಡಿದ್ರು, ಕಿವಿ ಹಿಂದೆ ಕೂರೋದೇ ನಿಮಗೆ ಒಳ್ಳೇದು ಅಂತ್ಲೂ ಬಿಡಿಸಿ ಹೇಳಿದ್ರು. ನಂಗೇ ಹಠ, ಕಾಣಬಾರ್ದು ಅಂತ. ಮಗ್ಗ ಮಾರಿದ್ದೀನಿ, ಈಗ ಕಿವೀನೂ ಹೋಯ್ತು ಅಂತ ಊರೋರು ಮಾತಾಡ್ಕೊಳ್ಳೋದು ಬೇಡ ಅನ್ನಿಸ್ತು. ಕೊನೆಗೆ ಒಳಗೆ ಕೂರೋದೇ ತಗೊಂಡೆ, ಜೋಡಿ 92 ಸಾವಿರ.

ಇದಕ್ಕೆ ಅಚ್ಚು ತೆಗೀತಾರೆ. ದಾರ ಕಟ್ಟಿದ ಸ್ಪಾಂಜ್ ತುಂಡನ್ನ ಕಿವಿ ಒಳಗೆ ತಳ್ಳಿ ಅದ್ರ ಮೇಲೆ ಸಿರಿಂಜಲ್ಲಿ ಮೆತ್ತಗಿರೋ ಹಿಟ್ಟಿನ ಥರದ್ದು ತುಂಬಿಸ್ತಾರೆ, ತಣ್ಣಗೆ, ಪ್ರಪಂಚ ಎಲ್ಲಾ ಬಂದ್ ಆದಂಗೆ ಆಗುತ್ತೆ, ಐದ್ ನಿಮಿಷಕ್ಕೆ ಗಟ್ಟಿ ಆದ್ಮೇಲೆ ಎಳ್ದು ತೆಗೀತಾರೆ. ನೋವಿಲ್ಲ. ಒಂದ್ ವಿಷ್ಯ ಮೊದ್ಲೇ ಕೇಳ್ಕೊಳ್ಳಿ, ನಿಮ್ ಕಿವಿ ಅಳತೆಗೆ ಮಾಡಿದ್ದು ಅನ್ನೋ ಕಾರಣಕ್ಕೆ ನಂಗೆ ಮಾರಿದೋರು ವಾಪಸ್ ತಗೊಳ್ಳಲ್ಲ ಅಂದ್ರು, ಅದನ್ನ ಹೇಳಿದ್ದು ದುಡ್ಡು ಕಟ್ಟಿದ ಮೇಲೆ.

ಮೊದಲ ವಾರ ನರಕ. ನನ್ನ ಧ್ವನಿ ನಂಗೇ ಕೊಡದೊಳಗೆ ತಲೆ ಹಾಕಿ ಮಾತಾಡಿದಂಗೆ, ಚಕ್ಕುಲಿ ಅಗಿದ್ರೆ ತಲೆ ಒಳಗೆ ಜಲ್ಲಿ ಮಷಿನ್ನು. ದಪ್ಪ ಸದ್ದು ಚೆನ್ನಾಗಿ ಕೇಳೋ ನನ್ನಂಥೋರಿಗೆ ಕಿವಿ ಮುಚ್ಚಿದ್ರೆ ಹೀಗಾಗುತ್ತಂತೆ, ಮೈಸೂರಲ್ಲಿ ಹೇಳಿದ್ದೂ ಇದನ್ನೇ. ಮಷಿನ್ನಲ್ಲಿ ಗಾಳಿ ಆಡೋಕೆ ಇರೋ ತೂತು ದೊಡ್ಡದು ಮಾಡಿಸ್ದೆ, ಕೊಡ ಹೋಯ್ತು, ಆದ್ರೆ ಸೀಟಿ ಹೊಡ್ಯೋಕೆ ಶುರು. ಎರಡ್ ಸಲ ಸೆಟ್ಟಿಂಗ್ ಮಾಡಿಸಿದ್ಮೇಲೆ ದಾರಿಗೆ ಬಂತು. ಎರಡು ತಿಂಗ್ಳು ದಿನಾ ಹಾಕ್ಕೊಳ್ಳಿ, ಡ್ರಾಯರಲ್ಲಿ ಇಡ್ಬೇಡಿ. ನನ್ನ ಷಡ್ಡಕ ಅರವತ್ತು ಸಾವಿರದ್ದನ್ನ ಬೀರುವಲ್ಲಿ ಒಡವೆ ಜೊತೆ ಇಟ್ಟಿದ್ದಾನೆ.

ಒಂದು ಸಂಜೆ ಟೀವಿ ನೋಡ್ತಿದ್ದೆ, ಎಲ್ಲೋ ಲೊಚ್ ಲೊಚ್ ಅಂತು, ಹಿಂದೇನೇ ಮನೆಯವ್ಳು ನೆಲ ತಟ್ಟಿ "ಕೃಷ್ಣ ಕೃಷ್ಣ" ಅಂದ್ಲು. ಎಷ್ಟೋ ವರ್ಷದಿಂದ ಅವ್ಳು ಸುಮ್ ಸುಮ್ನೆ ನೆಲ ಕುಟ್ಟೋದು ನೋಡಿ ವಯಸ್ಸಾಯ್ತು ಪಾಪ ಅನ್ಕೊಂಡಿದ್ದೆ ಕಣ್ರಿ, ಹಲ್ಲಿ ಲೊಚಗುಟ್ಟೋದು ನಂಗೆ ಕೇಳ್ತಾನೇ ಇರ್ಲಿಲ್ಲ.

ಈಗ ಕ್ಲೀನಿಂಗ್ ವಿಷ್ಯ, ಯಾರೂ ಸರಿಯಾಗಿ ಹೇಳಲ್ಲ. ಮಗ್ಗಕ್ಕೆ ದಿನಾ ಧೂಳು ಹೊಡೆದು ಎಣ್ಣೆ ಬಿಡದಿದ್ರೆ ಏನಾಗುತ್ತೋ ಇದಕ್ಕೂ ಅದೇ, ಎಣ್ಣೆ ಒಂದು ಬಿಟ್ಟು. ರಾತ್ರಿ ಊಟ ಆದ್ಮೇಲೆ ಟವೆಲ್ ಹಾಸ್ಕೊಂಡು ಕೂರ್ತೀನಿ, ಬರೀ ಟೈಲ್ಸ್ ಮೇಲೆ ಬಿದ್ರೆ ಕಥೆ ಮುಗೀತು. ಸದ್ದು ಬರೋ ತೂತು ಕೆಳಗೆ ಮಾಡಿ ಹಿಡ್ಕೊಂಡು ಬ್ರಷ್ ಆಡಿಸ್ಬೇಕು, ಗುಗ್ಗೆ ಕೆಳಗೆ ಉದುರುತ್ತೆ, ಮೇಲೆ ಮಾಡಿ ತಿಕ್ಕಿದ್ರೆ ಒಳಗೆ ಹೋಗುತ್ತೆ. ಗಾಳಿ ತೂತಿಗೆ ಕಿಟ್ಟಲ್ಲಿ ಕೊಟ್ಟಿರೋ ಸಣ್ಣ ನೈಲಾನ್ ಎಳೆ. ಒಣ ಬಟ್ಟೇಲಿ ಒರೆಸ್ಬೇಕು, ನೀರು ಬೇಡ, ಸ್ಪಿರಿಟ್ಟೂ ಬೇಡ. ತುದೀಲಿ ವ್ಯಾಕ್ಸ್ ಗಾರ್ಡ್ ಅಂತ ಸಾಸ್ವೆಗಿಂತ ಸಣ್ಣ ಜರಡಿ ಇರುತ್ತೆ, ಅದ್ರ ಜೊತೆ ಬರೋ ಕಡ್ಡಿಯ ಒಂದ್ ಕಡೆಯಿಂದ ಹಳೇದು ಕಿತ್ತು ತಿರುಗಿಸಿ ಹೊಸದು ಒತ್ತಬೇಕು, ನಂಗೆ ತಿಂಗ್ಳಿಗೊಂದು ಬೇಕು. ಮಷಿನ್ ಸತ್ತೋಯ್ತು ಅಂತ ನಲವತ್ತು ಕಿಲೋಮೀಟರ್ ಬಸ್ಸಲ್ಲಿ ಹೋಗಿದ್ದೆ, ಅಲ್ಲಿದ್ದ ಹುಡುಗಿ ಜರಡಿ ಬದಲಾಯ್ಸಿ ಕೊಟ್ಲು, ಅಷ್ಟೇ. ಇನ್ನೊಂದ್ ಸಲ ಮಷಿನ್ ಸರಿ ಇತ್ತು, ಕಿವೀಲೇ ಗುಗ್ಗೆ ತುಂಬಿತ್ತು. ಆರು ತಿಂಗ್ಳಿಗೊಮ್ಮೆ ಇಎನ್‌ಟಿ ಹತ್ರ ತೋರಿಸಿ, ಬಡ್ಸ್ ಹಾಕ್ಬೇಡಿ.

ಎಣ್ಣೆ ಅಂದ್ನಲ್ಲ. ದೀಪಾವಳಿ ಎಣ್ಣೆ ಸ್ನಾನ, ಮನೆಯವ್ಳು ಪದ್ಧತಿ ಪ್ರಕಾರ ಕಿವಿಗೂ ಎರಡು ತೊಟ್ಟು ಬಿಟ್ಲು, ನಾನು ತಲೆ ಒರೆಸ್ಕೊಂಡು ಸೀದಾ ಮಷಿನ್ ಹಾಕ್ಕೊಂಡೆ. ಮಧ್ಯಾಹ್ನದ ಹೊತ್ತಿಗೆ ಬಲಗಿವೀದು ಗೊರಗೊರ ಅಂದು ನಿಂತೇ ಹೋಯ್ತು. ರಿಸೀವರ್, ಅಂದ್ರೆ ಕಿವಿಗೆ ಸದ್ದು ಬಿಡೋ ಭಾಗ, ಬದಲಾಯ್ಸೋಕೆ 4,200 ರೂಪಾಯಿ, ಹದಿನೆಂಟು ದಿನ ಒಂದೇ ಕಿವಿ. ವಾರಂಟಿ ಕೇಳಿದ್ರೆ ಎಣ್ಣೆ ಹೋಗಿದ್ದಕ್ಕೆ ಬರಲ್ಲ ಅಂದ್ರು.

ಬ್ಯಾಟರಿ ನಂದು 312 ನಂಬರ್ ಸೈಜು, ಕಂದು ಬಣ್ಣದ ಸ್ಟಿಕ್ಕರ್‌ದು. ಸ್ಟಿಕ್ಕರ್ ಕಿತ್ತ ತಕ್ಷಣ ಹಾಕ್ಬೇಡಿ, ಅದಕ್ಕೆ ಗಾಳಿ ತಾಕಿದ್ರೇನೇ ಕೆಲ್ಸ ಮಾಡೋದು, ಎರಡ್ ಮೂರ್ ನಿಮಿಷ ಹಾಗೇ ಬಿಟ್ಟು ಹಾಕಿದ್ರೆ ಚೆನ್ನಾಗಿ ಬರುತ್ತೆ. ಒಂದು ವಾರ ಬರುತ್ತೆ, ಎರಡು ಕಿವಿಗೆ ತಿಂಗ್ಳಿಗೆ ಒಂದೂವರೆ ಸ್ಟ್ರಿಪ್, ನಂಗೆ ಸುಮಾರು 450 ರೂಪಾಯಿ. ಸ್ಟಿಕ್ಕರ್ ವಾಪಸ್ ಅಂಟಿಸಿ ಉಳಿಸ್ತೀನಿ ಅನ್ಕೊಂಡ್ರೆ ಆಗಲ್ಲ. ರಾತ್ರಿ ಬ್ಯಾಟರಿ ತೆಗ್ದು ಮಷಿನ್ ಮಾತ್ರ ಸಿಲಿಕಾ ಜೆಲ್ ಡಬ್ಬೀಲಿ ಇಡ್ತೀನಿ, ಮಳೆಗಾಲದಲ್ಲಂತೂ ತಪ್ಪಿಸಲ್ಲ. ಮನೇಲಿ ಮಕ್ಕಳಿದ್ರೆ ಹಳೇ ಬ್ಯಾಟರೀನೂ ಎಟುಕದಂಗೆ ಇಡಿ, ನುಂಗಿದ್ರೆ ನೋಡೋಣ ಅಂತ ಕಾಯ್ಬೇಡಿ, ಆ ಕ್ಷಣಾನೇ ಆಸ್ಪತ್ರೆ.

ಒಳ್ಳೇದು ಏನಂದ್ರೆ ಹೆಲ್ಮೆಟ್, ಕನ್ನಡಕ, ಮಾಸ್ಕ್ ಯಾವುದಕ್ಕೂ ಸಿಕ್ಕಾಕೊಳ್ಳಲ್ಲ, ಫೋನನ್ನ ಎಲ್ಲರ ಥರ ಕಿವಿಗೇ ಇಟ್ಕೊಂಡು ಮಾತಾಡ್ತೀನಿ. ಕಲ್ಯಾಣ ಮಂಟಪದಲ್ಲಿ ಮಾತ್ರ ದಂಡ, ಓಲಗ ಶುರುವಾದ್ರೆ ತೆಗ್ದು ಜೇಬಿಗೆ ಹಾಕ್ತೀನಿ, ಡಬ್ಬೀಲಿ ಹಾಕಿ ಜೇಬಿಗೆ, ಬರೀ ಜೇಬಿಗಲ್ಲ.

ಕಾಣಬಾರ್ದು ಅಂತ ತಗೊಂಡಿದ್ದಾ, ದಿನಾ ರಾತ್ರಿ ನಡುಮನೇಲಿ ಟವೆಲ್ ಹಾಸಿ ಬ್ರಷ್ ಹಿಡಿದು ಕೂರೋದನ್ನ ಪಕ್ಕದ್ಮನೆಯೋರೂ ನೋಡಿದ್ದಾರೆ. ಮೊಮ್ಮಗ ಎದುರು ಕೂತು "ತಾತ, ಕೆಂಪು ಚುಕ್ಕೆ ಬಲಗಿವಿ, ನೀಲಿ ಎಡಗಿವಿ" ಅಂತ ನಂಗೇ ಪಾಠ ಹೇಳ್ತಾನೆ, ಸರಿಯಾಗೇ ಹೇಳ್ತಾನೆ. ಈಗ ಎಡಗಿವೀದು ಸ್ವಲ್ಪ ಸಡಿಲ ಆಗಿದೆ, ಬಾಯಿ ಆಡಿಸಿದ್ರೆ ಸೀಟಿ. ಹೊಸ ಅಚ್ಚು ತೆಗೆಸ್ಬೇಕು, ಮುಂದಿನ ತಿಂಗ್ಳು ಮೈಸೂರಿಗೆ ಹೋಗ್ತಿದೀನಿ, ಕಿವಿ ಹಿಂದೆ ಕೂರೋದನ್ನೂ ಒಂದ್ಸಲ ಹಾಕಿ ತೋರಿಸಿ ಅಂತ ಕೇಳೋಣ ಅಂತಿದೀನಿ.