ಬಿಟಿ ಹತ್ತಿಯೋ, ಜಯಧರವೋ?

ಜಯಧರ ಧಾರವಾಡ ಸೀಮೆಯ ಜವಾರಿ ಹತ್ತಿ. ಅದು ನೈಸರ್ಗಿಕ, ಬಿಟಿ ಮಾತ್ರ ಮನುಷ್ಯ ಮಾಡಿದ್ದು ಅನ್ನೋರು ಜಾಸ್ತಿ. ಜಯಧರವನ್ನೂ ಆರಿಸಿ ಬೆಳೆಸಿದ್ದು ಮನುಷ್ಯನೇ. ಬಿಟಿಗೆ ಮಣ್ಣಿನ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ್ದಾರೆ, ಅದರಿಂದ ಕಾಯಿಕೊರಕ ಹುಳು ಕೊಲ್ಲುವ ವಿಷವನ್ನು ಗಿಡವೇ ಮಾಡುತ್ತದೆ.

ನಿಜವಾದ ನೈಸರ್ಗಿಕ ಆಯ್ಕೆ ನಡೆದದ್ದು ಹುಳುವಿನಲ್ಲಿ. 2002ರಲ್ಲಿ ಭಾರತದಲ್ಲಿ ಬಿಟಿಗೆ ಒಪ್ಪಿಗೆ ಸಿಕ್ಕಿತು. ವಿಷ ತಡೆದುಕೊಂಡ ಗುಲಾಬಿ ಕಾಯಿಕೊರಕಗಳು ಬದುಕಿ, ಮೊಟ್ಟೆಯಿಟ್ಟು ಹೆಚ್ಚಿದವು. 2006ರಲ್ಲೇ ಎರಡು ಜೀನಿನ ಬಿಟಿಯೂ ಬಂದಿತ್ತು. ಮುಂದೆ ಅದನ್ನೂ ದಾಟಿದವು. ಆ ಹುಳುಗಳನ್ನು ಯಾರೂ ಬೇಕೆಂದು ಆರಿಸಲಿಲ್ಲ, ಅಲ್ವಾ?

ನೀರಿದ್ದು, ಉದ್ದ ಎಳೆ ಬೇಕಿದ್ದರೆ ಬಿಟಿ ಹಾಕಿ. ಬೀಜ ವರ್ಷವೂ ಕೊಳ್ಳಬೇಕು. ಜೊತೆಗೆ ಬಿಟಿಯಲ್ಲದ ಹತ್ತಿಯನ್ನೂ ಬಿತ್ತಿ, ಇನ್ನೂ ವಿಷಕ್ಕೆ ಒಗ್ಗದ ಹುಳುಗಳು ಬೇಗ ಒಗ್ಗಿಕೊಳ್ಳುವುದಿಲ್ಲ. ಮಳೆಯನ್ನೇ ನಂಬಿದ ಹೊಲಕ್ಕೆ ನನ್ನ ಓಟು ಜಯಧರಕ್ಕೆ. ಎಳೆ ಗಿಡ್ಡ, ನಿಜ. ಆದರೆ ಬೀಜ ಮನೆಯದೇ.